ಶಿದ್ರಾಮನ ಜೋಳದ ಚೀಲ

ಘಟಪ್ರಭಾ ಸ್ಟೇಷನ್ ಎದುರಿನ ಮಾಳಿಗೆಯ ಆಫೀಸಿನಲ್ಲಿ ಶಿದ್ರಾಮನ ಕೆಲಸವೆಂದರೆ ಮೊಬೈಲ್ ಆಪ್ ಕಟ್ಟುವ ತಂಡಗಳಿಗೆ ಬಟನ್ನು, ಮೆನು, ಬಣ್ಣಗಳ ಸಿದ್ಧ ಕಿಟ್ ಮಾಡಿಕೊಡುವುದು. ಆಂಡ್ರಾಯ್ಡಿಗೆ ಒಂದು, ಐಫೋನಿಗೆ ಇನ್ನೊಂದು. ಅದರ ಬಟನ್ನು ಇದರಲ್ಲಿ ಕಂಡರೆ ಮುಗಿಯಿತು, "ಎರಡೂ ಮನಿ ರಿವಾಜ ಬ್ಯಾರೆ ಅದಾವ್ರಿ, ಇವರ ಭಾಂಡೆ-ಪಾತ್ರಿ ಅವರ ಮನ್ಯಾಗ ಇಡಬ್ಯಾಡ್ರಿ!" ಎಂದು ಸ್ಟೇಷನ್ನಿಗೆ ಕೇಳುವಂತೆ ಕೂಗುತ್ತಾನೆ. ಅವನು ಪರೀಕ್ಷೆ ಮಾಡುವ ರೀತಿ ಇನ್ನೂ ವಿಚಿತ್ರ. ಜೋಳದ ಚೀಲವೊಂದನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಲ್ಲಿ ಫೋನು ಹಿಡಿದು, ಮೆಟ್ಟಿಲು ಹತ್ತಿ ಇಳಿಯುತ್ತ ಹೆಬ್ಬೆರಳಿಗೆ ಎಟುಕದ ಬಟನ್ನುಗಳನ್ನೆಲ್ಲ ಬಯ್ಯುತ್ತಾನೆ. ಚೀಲ ಯಾಕೆಂದರೆ, "ಎರಡೂ ಕೈ ಖಾಲಿ ಇದ್ದವರು ಯಾರದಾರ್ರಿ?" ಎನ್ನುತ್ತಾನೆ. ವರ್ಷದಿಂದ ವರ್ಷಕ್ಕೆ ಆ ಚೀಲ ದಪ್ಪಗಾಗುವುದನ್ನು ಕಂಡು ಪಕ್ಕದ ಮೇಜಿನ ಅನುರಾಧಾಗೆ ನಗು. ಈ ಮಳೆಗಾಲದಲ್ಲಿ ಮಾತ್ರ ಅವನು ಚೀಲದಿಂದ ಒಂದಿಷ್ಟು ಜೋಳ ತೆಗೆದ; ಆಮೇಲೆ ಯಾರನ್ನೂ ಬಯ್ಯಲಿಲ್ಲ. ಅವನ ಮಗಳಿಗೆ ಜ್ವರವೆಂದು ತಿಳಿದು ಅನುರಾಧಾ ಮಸಗುಪ್ಪಿಯ ಅವನ ಮನೆಗೆ ಹೋದಳು. ಹುಟ್ಟಿದಾಗಿನಿಂದ ನಡೆಯಲಾರದ ಒಂಬತ್ತು ವರ್ಷದ ಮಾಯಾ, ಬಡಕಲಾಗಿ, ಅಪ್ಪನ ಎಡಗೈಯಲ್ಲಿದ್ದಳು. ಅವನ ಬಲಗೈಯಲ್ಲಿ ಫೋನಿತ್ತು. ಚೀಲದಲ್ಲಿದ್ದುದು ಯಾರ ತೂಕವೆಂದು ಅನುರಾಧಾಗೆ ಆಗ ತಿಳಿಯಿತು. ಮೊನ್ನೆ ಶಿದ್ರಾಮ ಬಂದವನೇ ಚೀಲಕ್ಕೆ ಎರಡು ಬೊಗಸೆ ಜೋಳ ಸುರಿದು, ಎಲ್ಲರಿಗೂ ಗೋಕಾಕದ ಕರದಂಟು ಹಂಚಿದ. "ಹೊಸಾ ಕಿಟ್ ಮುಗೀತೇನ್ರಿ?" ಎಂದು ಎಲ್ಲರೂ ಕೇಳಿದರು. ಅನುರಾಧಾ ಒಬ್ಬಳೇ ಎದ್ದು ಬಂದು, ಚೀಲವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ನೋಡಿ, "ಚಲೋ ವಜ್ಜಿ ಆಗೈತ್ರಿ, ಶಿದ್ರಾಮಣ್ಣ" ಎಂದಳು.