ಕೋಡಿಗೆ ಕಟ್ಟಿದ ಬಲೆ

ಕೆಂಗೇರಿಯ ಬಳಿ ನೆರೆ ತಡೆಯಲೆಂದು ಹೊಸದಾಗಿ ಕಟ್ಟಿದ ಮಣ್ಣಿನ ಏರಿಗೆ ದಿನಗೂಲಿ ಕಾವಲುಗಾರನಾಗಿದ್ದ ಚಿಕ್ಕಹನುಮಯ್ಯನಿಗೆ ಈಜು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಖಾಕಿ ಅಂಗಿ ಕಂಡರೆ ನೀರೇ ಹೆದರುತ್ತದೆ ಎಂದುಕೊಂಡಿದ್ದ.

ಎಪ್ಪತ್ತೈದರ ಮಳೆಗಾಲದಲ್ಲಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಅವನ ಸೋದರಮಾವ ನಾರಾಯಣಪ್ಪ ಮೀನಿಗೆಂದು ಅಡ್ಡಬಲೆ ಕಟ್ಟಿದ. ಸಾರಿನಲ್ಲಿ ತನಗೂ ಪಾಲಿದೆಯೆಂದು ಕಾವಲುಗಾರ ಅತ್ತ ನೋಡಲೇ ಇಲ್ಲ. ಮರುದಿನದ ಜಡಿಮಳೆಗೆ ಕಸಕಡ್ಡಿಯೆಲ್ಲ ಬಲೆಗೆ ಮೆತ್ತಿಕೊಂಡು ಕೋಡಿ ಮುಚ್ಚಿಹೋಯಿತು. ನೀರು ಏರಿಯ ನೆತ್ತಿ ಮುಟ್ಟಲು ಇನ್ನು ಗೇಣಷ್ಟೇ ಬಾಕಿ. ಮೀರಿತೆಂದರೆ ಹಸಿಮಣ್ಣು ಕೊಚ್ಚಿಹೋಗಿ, ಕೆಳಗಿದ್ದ ಗುಡಿಸಲುಗಳೊಂದಿಗೆ ಅವನ ತಾಯಿ ನರಸಮ್ಮನದೂ ಉಳಿಯುವಂತಿರಲಿಲ್ಲ.

ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಬಲೆ ನೋಡಲು ಬಂದಿದ್ದ ಮಾವನ ಕೈಗೆ ಕೊಟ್ಟು, ಕುಡುಗೋಲು ಹಿಡಿದು ಅವನು ನೀರಿಗಿಳಿದ.

"ಲೋ, ಹೊಸಾ ಬಲೆ ಕಣೋ! ಕುಯ್ಬೇಡ, ಗಂಟು ಬಿಚ್ಚೋ!"

"ಏರಿನೂ ಹೊಸದೇ ಮಾವ! ಹಗ್ಗ ಮಾತ್ರ ಬಿಡ್ಬೇಡ, ನಂಗೆ ಈಜು ಬರಲ್ಲ!"

"ಈಜು ಬರಲ್ವಾ? ಇದ್ಯಾವ ಸೀಮೆ ಕಾವಲುಗಾರನೋ ನೀನು!"

ಬಲೆ ಹರಿದದ್ದೇ ತಡ, ನೀರು ಭೋರ್ಗರೆದು ಅವನ ಕಾಲನ್ನೇ ನೆಲದಿಂದ ಕಿತ್ತಿತು. ಕಣ್ಣೆದುರೇ ಬಲೆ ಕೊಚ್ಚಿಹೋದರೂ ಮಾವ ಹಗ್ಗ ಬಿಡಲಿಲ್ಲ. ಕೊನೆಗೆ ದಡಕ್ಕೆಳೆದು ಹಾಕಿ, "ಇವತ್ತು ಸಿಕ್ಕಿದ ಮೀನು ಇದೊಂದೇ" ಎಂದು ಗೊಣಗಿದ.

ಚಿಕ್ಕಹನುಮಯ್ಯ ಕೆಮ್ಮುತ್ತಲೇ ಏರಿಯತ್ತ ನೋಡಿದ. ನೀರು ಇಳಿಯತೊಡಗಿತ್ತು.