ಅರವತ್ತು ಕಪ್ಪೆಗಳ ವಿಳಾಸ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಕಾಲೇಜಿನಲ್ಲಿ ಇರಬೇಕಾಗಿತ್ತು ನೀವು ಎಂದು ಕಂಡವರೆಲ್ಲ ಹೇಳುತ್ತಾರೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಕಾಲೇಜು ಯಾಕೆ ತಪ್ಪಿತು ಎಂದು ಯಾರಾದರೂ ಕೇಳಿದರೆ ನನ್ನ ಕಥೆ ಹೇಳಿ ಪ್ರಯೋಜನವಿಲ್ಲ. ದೊಡ್ಡಮ್ಮನ ಕಥೆ ಹೇಳಬೇಕು.

ದೊಡ್ಡಮ್ಮ ನನಗೆ ಸಂಬಂಧಿಕರೇನಲ್ಲ. ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದರು. ಉದ್ದನೆಯ ಕಾರಿಡಾರಿನ ಕೊನೆಗೆ ಒಂದು ಕೋಣೆ. ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಮೂರು ಸಿಮೆಂಟ್ ತೊಟ್ಟಿ, ಮರದ ಚೌಕಟ್ಟಿಗೆ ತಂತಿ ಜಾಲರಿ ಹೊಡೆದ ಮುಚ್ಚಳ, ತೊಟ್ಟಿಕ್ಕದಂತೆ ಬಟ್ಟೆ ಸುತ್ತಿದ ಒಂದು ನಲ್ಲಿ, ಒಡೆದ ಗಾಜಿನ ಜಾಗಕ್ಕೆ ರಟ್ಟು ಸಿಕ್ಕಿಸಿದ ಕಿಟಕಿ. ಕಪ್ಪೆ ಹಿಡಿದು ತರುವುದು, ಸಾಕುವುದು ಅವರ ಕೆಲಸ. ಹುಡುಗರು ಅವರಿಗೆ ತೊಟ್ಟಿಯಮ್ಮ ಎಂದು ಹೆಸರಿಟ್ಟಿದ್ದರು. ಗಂಡ ದರ್ಜಿ. "ನಮ್ಮನೆಯವರು ಊರೋರ ಸೊಂಟ ಅಳೀತಾರೆ, ನಾನು ಕಪ್ಪೆ ಕಾಲು ಅಳೀತೀನಿ. ಇಬ್ಬರ ಕೆಲಸಾನೂ ಒಂದೇ, ಆದ್ರೆ ನನ್ನ ಗಿರಾಕಿ ದೂರು ಹೇಳಲ್ಲ," ಎಂದು ನಗುತ್ತಿದ್ದರು. ಆ ಕೋಣೆಯ ಒದ್ದೆ ಗೋಣಿಚೀಲದ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಡೆಯುತ್ತಿದ್ದವಳು ನಿಂತುಬಿಡುತ್ತೇನೆ.

ಅವರಷ್ಟು ಕಪ್ಪೆ ಬಲ್ಲವರನ್ನು ನಾನು ಕಂಡಿಲ್ಲ. ಮರದ ಮೇಲಿರುವ ಕಪ್ಪೆ ಕೊಂಬೆಯಿಂದ ಕೊಂಬೆಗೆ ಗುರಿಯಿಟ್ಟು ಹಾರುತ್ತದೆ, ಮಣ್ಣು ತೋಡಿ ಒಳಗಿರುವುದು ಕುಪ್ಪಳಿಸುವುದಕ್ಕೂ ಸೋಮಾರಿ, ನೀರಿನ ಅಂಚಿನದು ಒಂದೇ ನೆಗೆತಕ್ಕೆ ಮಾಯ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲಿತಿದ್ದರು. "ಯಾವ ಕಡೆಯಿಂದ ಸಾವು ಬರುತ್ತೋ ಆ ಕಡೆ ಬಿಟ್ಟು ನೆಗೆಯುತ್ತೆ ಕಣೇ. ನೀರು ಹತ್ರ ಇದ್ರೆ ಒಂದು ನೆಗೆತ ಸಾಕು. ನೀರಿಲ್ಲದೋನು ಏನ್ಮಾಡ್ತಾನೆ? ಪುಟ್ಟ ಪುಟ್ಟದಾಗಿ ಹತ್ತು ಸಲ ನೆಗೆದು ಕಲ್ಲಿನ ಸಂದಿ ಹುಡುಕ್ತಾನೆ," ಎನ್ನುತ್ತಿದ್ದರು.

ನನ್ನ ಸಂಶೋಧನೆಯೂ ಅದೇ. ಒಂದೇ ಜಾತಿಯ ಕಪ್ಪೆ, ಮೂರು ಜಾಗ: ಕೆರೆಯ ದಂಡೆ, ಎತ್ತರದ ಹುಲ್ಲಿನ ಬಯಲು, ಒಣ ಕಲ್ಲುರಾಶಿ. ಒಂದೊಂದು ಕಡೆಯಿಂದ ಇಪ್ಪತ್ತು. ಹುಟ್ಟಿ ಬೆಳೆದ ಜಾಗ ಅವುಗಳ ನೆಗೆತವನ್ನು ಬದಲಾಯಿಸುತ್ತದೆಯೇ ಎಂದು ತೋರಿಸಬೇಕಿತ್ತು. ವರ್ಷದ ಕೊನೆಯೊಳಗೆ ಪ್ರಬಂಧ ಒಪ್ಪಿಸಿದರೆ ಅದೇ ವಿಭಾಗದಲ್ಲಿ ಖಾಲಿಯಾಗುವ ಉಪನ್ಯಾಸಕಿ ಕೆಲಸ ನನ್ನದು ಎಂದು ನನ್ನ ಮಾರ್ಗದರ್ಶಕರಾಗಿದ್ದ ಗುರುಗಳು ಮಾತು ಕೊಟ್ಟಿದ್ದರು. ಅಪ್ಪ ಇಲ್ಲದ ಮನೆ, ಓದುವ ತಮ್ಮ. ಅಮ್ಮ ಆಗಲೇ ಅಕ್ಕಪಕ್ಕದವರಿಗೆಲ್ಲ ಮಗಳು ಲೆಕ್ಚರರ್ ಆದಳು ಎಂದು ಹೇಳಿಕೊಂಡು ಬಂದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ.

ಮಳೆ ಹಿಡಿದ ಕೂಡಲೇ ದೊಡ್ಡಮ್ಮ ಮೂರು ದಿನ ಅಲೆದು ಅರವತ್ತು ಕಪ್ಪೆ ತಂದರು. ಜಾಗಕ್ಕೊಂದು ತೊಟ್ಟಿ. ಸೋಮವಾರ ಅಳತೆ ಶುರುವಾಯಿತು. ಪ್ರತಿ ಕಪ್ಪೆಯ ಸೊಂಟಕ್ಕೂ ನಂಬರಿನ ದಾರ ಕಟ್ಟಿದೆವು. ಕಾರಿಡಾರಿನ ಉದ್ದಕ್ಕೂ ಕಾಗದದ ಸುರುಳಿ ಹಾಸಿ, ಕಪ್ಪೆಯ ಹಿಂಗಾಲಿಗೆ ಬಟ್ಟೆಗೆ ಹಾಕುವ ನೀಲಿ ಸವರಿ ಬಿಡುವುದು. ದೊಡ್ಡಮ್ಮ ಬೆನ್ನಿಗೆ ಬೆರಳು ಮುಟ್ಟಿಸುವರು, ಅದು ನೆಗೆಯುವುದು, ನೀಲಿ ಗುರುತಿನಿಂದ ಗುರುತಿಗೆ ನಾನು ದರ್ಜಿಯ ಟೇಪು ಹಿಡಿಯುವುದು. ಕಪ್ಪೆಯನ್ನು ತಕ್ಕಡಿಗೆ ಹಾಕಿ ತೂಗುವುದು ಎನ್ನುತ್ತಾರಲ್ಲ, ಆ ಎರಡು ವಾರ ನಾವಿಬ್ಬರೂ ಅದನ್ನೇ ಮಾಡಿದೆವು. ಒಂದು ಕಪ್ಪೆ ಗುರುಗಳ ಕಾಫಿ ಲೋಟಕ್ಕೇ ನೇರವಾಗಿ ಬಿತ್ತು. ಅವರು ಅದನ್ನು ಎತ್ತಿ ಕೊಟ್ಟು, "ಇದನ್ನೂ ಬರ್ಕೊಳ್ಳಮ್ಮ, ಒಳ್ಳೆ ದೂರ," ಎಂದರು. ನನ್ನ ಜೀವನದಲ್ಲಿ ಅಷ್ಟು ನಕ್ಕ ಎರಡು ವಾರ ಇನ್ನೊಂದಿಲ್ಲ.

ಅಳತೆ ಮುಗಿದ ಮೇಲೆ ದೊಡ್ಡಮ್ಮ ದಾರ ಬಿಚ್ಚಿ ಆಯಾ ತೊಟ್ಟಿಯ ಕಪ್ಪೆಗಳನ್ನು ಆಯಾ ಜಾಗಕ್ಕೆ ಬಿಟ್ಟು ಬಂದರು. ಹಿಡಿದ ಜಾಗಕ್ಕೇ ಬಿಡಬೇಕು ಎನ್ನುವುದು ಅವರ ಕಟ್ಟಪ್ಪಣೆ. ನನ್ನ ಅಂಕಿಗಳೋ, ಕೂದಲು ಬಾಚಿದಷ್ಟು ಚೊಕ್ಕ. ಕೆರೆಯವು ಉದ್ದ, ಹುಲ್ಲಿನವು ಮಧ್ಯಮ, ಕಲ್ಲಿನವು ಮೋಟು. ಇಷ್ಟು ಸ್ಪಷ್ಟವಾದ ಫಲಿತಾಂಶ ತಾನು ನೋಡಿಲ್ಲ ಎಂದು ಗುರುಗಳು ಬೆನ್ನು ತಟ್ಟಿದರು.

ಒಪ್ಪಿಸಲು ಒಂದು ವಾರ ಇತ್ತು. ಕೃತಜ್ಞತೆಯ ಪುಟದಲ್ಲಿ ದೊಡ್ಡಮ್ಮನಿಗೂ ನಾಲ್ಕು ಸಾಲು ಬರೆದಿದ್ದೆ. ತೊಟ್ಟಿ ಕೋಣೆಗೆ ಹೋಗಿ ಓದಿ ಹೇಳಿದೆ. ಅವರು ಕೈ ಒರೆಸಿಕೊಂಡು ನಿಂತು ಕೇಳಿದರು. ಮುಖ ಅರಳಿತ್ತು.

"ಆ ಭಾನುವಾರದ್ದೂ ಬರೆದಿದ್ದೀಯಾ?"

"ಯಾವ ಭಾನುವಾರ?"

"ಅಳತೆ ಶುರುಮಾಡೋ ಹಿಂದಿನ ದಿನ ಕಣೇ. ನಲ್ಲಿ ತೆರೆದಿಟ್ಟು ಮರೆತುಬಿಟ್ಟಿದ್ದೆ. ತೊಟ್ಟಿ ಮೂರೂ ಉಕ್ಕಿ, ಮುಚ್ಚಳ ತೇಲಿ, ಅರವತ್ತೂ ನೆಲದ ಮೇಲೆ ಕಲಸಿಹೋಗಿದ್ವು. ನಿಂಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ ಹೇಳಲಿಲ್ಲ. ಒಂದೂ ಬಿಡದ ಹಾಗೆ ಹಿಡಿದು ತಿರುಗಿ ಇಪ್ಪತ್ತಿಪ್ಪತ್ತು ಹಾಕಿದೆ."

"ಯಾವುದು ಎಲ್ಲಿಯದು ಅಂತ ಹೇಗೆ ಗೊತ್ತಾಯ್ತು?"

"ನೆಗೆಸಿ ನೋಡಿದೆ," ಎಂದರು ಹೆಮ್ಮೆಯಿಂದ. "ಉದ್ದ ನೆಗೆದದ್ದು ಕೆರೇದು, ಮೋಟು ನೆಗೆದದ್ದು ಕಲ್ಲಿಂದು, ನಡುವಿಂದು ಹುಲ್ಲಿಂದು. ಇಷ್ಟು ವರ್ಷ ಮಾಡಿದೀನಿ, ಅಷ್ಟೂ ತಿಳಿಯಲ್ವಾ?"

ನೆಗೆತ ನೋಡಿ ಅವರು ಕಪ್ಪೆಗೆ ಜಾಗ ಕೊಟ್ಟಿದ್ದರು. ಜಾಗದಿಂದ ನೆಗೆತ ಬರುತ್ತದೆ ಎಂದು ನಾನು ಸಾಧಿಸಿದ್ದೆ. ನಾನು ಅಳೆದದ್ದು ಕಪ್ಪೆಗಳನ್ನಲ್ಲ, ದೊಡ್ಡಮ್ಮನ ಕಣ್ಣನ್ನು. ಇದನ್ನು ಅವರಿಗೆ ಬಿಡಿಸಿ ಹೇಳುವಾಗ ನನ್ನ ಬಾಯಿಗೆ ಲಂಗುಲಗಾಮಿರಲಿಲ್ಲ. ಆಡಬಾರದ ಮಾತು ಆಡಿದೆ.

"ಯಾರಿಗೂ ಹೇಳಬೇಡಿ," ಎಂದೆ ಕೊನೆಗೆ.

"ನಿನ್ನ ಅನ್ನದ ವಿಷಯ. ನಾನ್ಯಾಕೆ ಬಾಯಿ ಬಿಡ್ಲಿ? ನನ್ನ ತಪ್ಪು ಹೊಟ್ಟೆಗೆ ಹಾಕ್ಕೋ," ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಗೊತ್ತಿದ್ದವರು ಇಬ್ಬರೇ, ಒಬ್ಬರು ಬಾಯಿಗೆ ಬೀಗ ಹಾಕಿಕೊಂಡಾಗಿತ್ತು. ಆದರೆ ಮಾರನೇ ಬೆಳಿಗ್ಗೆ ನಾನು ಕಾರಿಡಾರಿಗೆ ಕಾಲಿಟ್ಟ ಕೂಡಲೇ ದೊಡ್ಡಮ್ಮ ಪೊರಕೆ ಹಿಡಿದುಕೊಂಡೇ ಎದುರಿಗೆ ಬಂದರು.

"ಒಂದು ಕೇಳ್ಲಾ? ನಾನು ತಪ್ಪು ಜೋಡಿಸಿದ್ರೆ, ಬಿಡುವಾಗ್ಲೂ ತಪ್ಪು ಜಾಗಕ್ಕೇ ಬಿಟ್ಟಿರ್ತೀನಿ ಅಲ್ವಾ?"

"ಇರಬಹುದು."

"ಎಷ್ಟು?"

"ನನಗೇನು ಗೊತ್ತು ದೊಡ್ಡಮ್ಮ. ನನ್ನ ತಲೆ ಮೇಲೆ ಬೆಟ್ಟ ಬಿದ್ದಿದೆ, ನಿಮಗೆ ಕಪ್ಪೆ ಚಿಂತೆ."

"ಹೇಗೆ ಗೊತ್ತಾಗುತ್ತೆ?"

"ಮೊದಲಿಂದ ಎಲ್ಲಾ ಮತ್ತೆ ಮಾಡಿದ್ರೆ ಗೊತ್ತಾಗುತ್ತೆ," ಎಂದು ರೇಗಿದೆ.

ಅವರು ಗುಡಿಸಲು ಹೋದರು. ಅದೇ ದಿನ ಪ್ರಬಂಧದ ಮೊದಲ ಪುಟಕ್ಕೆ ಸಹಿ ಹಾಕಬೇಕಿತ್ತು, ಇದರೊಳಗಿನ ಅಳತೆಗಳೆಲ್ಲ ನಿಜ ಎಂದು. ಗ್ರಂಥಾಲಯದಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ. ಕೆಲಸದ ಆಸೆ ನನಗೇನು ಕಡಿಮೆ ಇರಲಿಲ್ಲ. ಆದರೆ ಎಷ್ಟು ಎಂದು ಅವರು ಕೇಳಿದ್ದು ಕಿವಿ ಬಿಡಲಿಲ್ಲ. ಅವರಿಗೆ ತಿಳಿಯಬೇಕಿತ್ತು. ಸಂಶೋಧಕಿ ಎನ್ನಿಸಿಕೊಂಡ ನನಗೆ ತಿಳಿಯುವುದೇ ಬೇಕಿರಲಿಲ್ಲ. ನಾಚಿಕೆಯಾಯಿತು. ಎದ್ದು ಗುರುಗಳ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಇನ್ನೊಂದು ಮಳೆಗಾಲ ಕಾಯಬೇಕಮ್ಮ. ಕೆಲಸ ಕಾಯಲ್ಲ," ಎಂದರು. ಕಾಯಲಿಲ್ಲ. ಹೊಸ ವರ್ಷಕ್ಕೆ ಬೇರೊಬ್ಬರು ಬಂದು ಆ ಕುರ್ಚಿಯಲ್ಲಿ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮ್ಮ ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ. ನಾನು ಹೈಸ್ಕೂಲಿಗೆ ಸೇರಿದೆ.

ಮುಂದಿನ ಮಳೆಗಾಲದ ಹೊತ್ತಿಗೆ ದೊಡ್ಡಮ್ಮ ನಿವೃತ್ತರಾಗಿದ್ದರು. ಆದರೂ ಮೊದಲ ಮಳೆಗೇ ಬುಟ್ಟಿ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. ಈ ಸಲ ಹಿಡಿದ ಜಾಗದಲ್ಲೇ ಸೊಂಟಕ್ಕೆ ದಾರ: ಕೆರೆಗೆ ಕೆಂಪು, ಹುಲ್ಲಿಗೆ ಹಸಿರು, ಕಲ್ಲಿಗೆ ಬಿಳಿ. ದಾರ ದರ್ಜಿ ಕೊಟ್ಟದ್ದು. ಫಲಿತಾಂಶ ಬಂತು, ಮೊದಲಿನಷ್ಟು ಚೊಕ್ಕವಲ್ಲ. ಜಾಗ ನೆಗೆತವನ್ನು ಬದಲಾಯಿಸುವುದು ನಿಜ, ಸ್ವಲ್ಪ ಮಾತ್ರ. ಕೆರೆಯಲ್ಲೂ ಮೋಟು ನೆಗೆಯುವವು ಇದ್ದವು, ಕಲ್ಲಿನಲ್ಲೂ ಉದ್ದ ಹಾರುವವು ಇದ್ದವು.

ಕೊನೆಯ ದಿನ ದೊಡ್ಡಮ್ಮ ತಾವಾಗಿಯೇ ಪರೀಕ್ಷೆಗೆ ಕೂತರು. ದಾರ ಕಾಣದ ಹಾಗೆ ಕಪ್ಪೆಯ ಸೊಂಟಕ್ಕೆ ಬಟ್ಟೆಯ ಚೂರು ಸುತ್ತಿ ನಾನು ನೆಗೆಸಬೇಕು, ನೋಡಿ ಅವರು ಜಾಗ ಹೇಳಬೇಕು. ಅರವತ್ತರಲ್ಲಿ ಮೂವತ್ತೆಂಟು ಸರಿ ಹೇಳಿದರು. ಕಣ್ಣು ಮುಚ್ಚಿ ಹೇಳಿದ್ದರೆ ಇಪ್ಪತ್ತು ಸರಿಯಾಗುತ್ತಿತ್ತೇನೋ, ಹಾಗಾಗಿ ಮೂವತ್ತೆಂಟು ದೊಡ್ಡದೇ. ನಾನು ಹೊಗಳಿದೆ. ಅವರಿಗೆ ಕೇಳಿಸಲೇ ಇಲ್ಲ.

ಅದೇ ಸಂಜೆ ಕಪ್ಪೆ ಬಿಡಲು ಹೊರಟೆವು. ಕಲ್ಲುರಾಶಿ, ಬಯಲು, ಕೊನೆಗೆ ಕೆರೆ. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಕತ್ತರಿಯಿಂದ ಕೆಂಪು ದಾರ ಕತ್ತರಿಸಿ ಬಿಟ್ಟರು. ಬುಟ್ಟಿ ಖಾಲಿಯಾದ ಮೇಲೆ ದಂಡೆಯ ಮೇಲೆ ಕೂತರು.

"ಕೆಲಸ ಹೋಯ್ತಲ್ಲ, ನನ್ನ ಮೇಲೆ ಕೋಪ ಇದ್ಯಾ?"

"ಇದೆ," ಎಂದೆ. ಇತ್ತು.

"ಇರ್ಲಿ." ಖಾಲಿ ಬುಟ್ಟಿಯನ್ನು ಬೋರಲು ಹಾಕಿದರು. "ಹಾಗಾದ್ರೆ ಹೋದ ವರ್ಷವೂ ಇಪ್ಪತ್ತೆರಡು ತಪ್ಪಿರಬೇಕು. ನೀರು ಬೇಕಾದೋನನ್ನ ಕಲ್ಲಿಗೆ ಬಿಟ್ಟು ಬಂದೆ. ಪಾಪ, ಒಂದೇ ನೆಗೆತಕ್ಕೆ ನೀರು ಸಿಗುತ್ತೆ ಅಂತ ನೆಗೆದಿರ್ತಾವೆ." ಅವರ ಕಣ್ಣು ತುಂಬಿತ್ತು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಏನೂ ಆಗಿರಲ್ಲ ದೊಡ್ಡಮ್ಮ. ಎಂಟು ದಿನದಲ್ಲಿ ಒಗ್ಗಿಬಿಡ್ತಾವೆ. ಕಲ್ಲಿನ ಹತ್ರ ಬಿಟ್ರೆ ಕಲ್ಲಿನವರ ಹಾಗೇ ನೆಗೆಯೋದು ಕಲೀತಾವೆ."

"ಪುಸ್ತಕದಲ್ಲಿದ್ಯಾ?"

"ಇದೆ."

"ನೀನೇ ಓದಿದ್ದೀಯಾ?"

"ನಾನೇ ಓದಿದೀನಿ."

ಅಂಥ ಪುಸ್ತಕವನ್ನು ನಾನು ಆಗಲೂ ಓದಿರಲಿಲ್ಲ, ಈಗಲೂ ಓದಿಲ್ಲ. ಸುಳ್ಳಿಗೆ ಸಹಿ ಹಾಕಲಾರೆ ಎಂದು ಕೆಲಸ ಬಿಟ್ಟುಕೊಟ್ಟವಳು ಅವರ ಮುಖ ನೋಡಿಕೊಂಡೇ ಅಷ್ಟನ್ನೂ ಹೇಳಿದೆ. ಓದಿದವಳು ನೀನು, ನಿನಗೆ ಗೊತ್ತಿರುತ್ತೆ ಎಂದು ಅವರು ಕಣ್ಣೊರೆಸಿಕೊಂಡು ಬುಟ್ಟಿ ಎತ್ತಿಕೊಂಡರು. ಮನೆ ತಲುಪುವವರೆಗೂ ಮಾತಾಡುತ್ತಲೇ ಬಂದರು.

ಮಾರನೇ ದಿನ ಟೇಪು ವಾಪಸು ಕೊಡಲು ದರ್ಜಿಯ ಅಂಗಡಿಗೆ ಹೋಗಿದ್ದೆ. ಅವರು ಹೊಲಿಗೆ ನಿಲ್ಲಿಸಿ, ಒಳಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು: "ಇನ್ನೂ ಎದ್ದಿಲ್ಲಮ್ಮ. ಮಲಗಲಿ ಅಂತ ಬಿಟ್ಟಿದ್ದೀನಿ. ಆರು ತಿಂಗಳಾಗಿತ್ತು, ಅವಳು ಹೀಗೆ ನಿದ್ದೆ ಮಾಡಿ."