ಊರಿನ ಚಾನೆಲ್ಲು, ಅಮ್ಮನ ದುವಾ

ಐರ್ಲೆಂಡಿನ ಲಿಮೆರಿಕ್ಕಿನ ನಮ್ಮ ಪುಟ್ಟ ಟೀವಿ ಚಾನೆಲ್ಲು ಮುಚ್ಚುವ ವಾರ, ಅದರ ಮುದುಕ ಕ್ಯಾಮೆರಾಮನ್ ನಮ್ಮ ಮನೆಗೂ ಬಂದ. ಕ್ಯಾಮೆರಾ ಹಿಡಿಯುವವನೂ ಅವನೇ, ಪ್ರಶ್ನೆ ಕೇಳುವವನೂ ಅವನೇ. ಒಂದು ಕಾಲಕ್ಕೆ ಬ್ರಿಟನ್ನಿನ ಚಾನೆಲ್ಲುಗಳನ್ನು ಆಂಟೆನಾದಲ್ಲಿ ಹಿಡಿದು ಮನೆಮನೆಗೆ ಕೇಬಲ್ ಎಳೆದವರೇ ಮುಂದೆ ಒಂದು ಕೋಣೆ ಹಿಡಿದು ಊರಿನ ಸುದ್ದಿ ತೋರಿಸತೊಡಗಿದರಂತೆ. ಬ್ರಿಟನ್ನಿನಲ್ಲೂ ಇಂಥ ಊರ ಚಾನೆಲ್ಲುಗಳು ಎಷ್ಟೋ ಹುಟ್ಟಿ, ಎಷ್ಟೋ ಮುಚ್ಚಿವೆಯಂತೆ. "ಈಗ ನಮ್ಮ ಸರದಿ," ಎಂದು ನಕ್ಕ. ಕೊನೆಯ ಕಾರ್ಯಕ್ರಮಕ್ಕೆ ನೋಡುವವರ ಮಾತು ಬೇಕಿತ್ತು. ನಮ್ಮ ಮನೆಯಲ್ಲಿ ಅದನ್ನು ನೋಡುತ್ತಿದ್ದವಳು ಅಮ್ಮ ಒಬ್ಬಳೇ.

ಗದಗಿನಿಂದ ನಮ್ಮ ಜೊತೆ ಇರಲು ಬಂದ ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಸಂಜೆ, ಊರಿನಲ್ಲಿ ತೀರಿಕೊಂಡವರ ಫೋಟೋ ತೋರಿಸುವ ಹೊತ್ತಿಗೆ ಸೆರಗು ತಲೆಗೆ ಎಳೆದುಕೊಂಡು ಟೀವಿ ಮುಂದೆ ಹಾಜರು. ಒಂದೊಂದು ಮುಖಕ್ಕೂ ದುವಾ ಮಾಡಲು ಕೈಯೆತ್ತುತ್ತಿದ್ದಳು. ಐರಿಷ್ ಸ್ನೇಹಿತರು ಬಂದರೆ ನಾನು ಓಡಿಹೋಗಿ ಚಾನೆಲ್ ಬದಲಿಸುತ್ತಿದ್ದೆ. ಗುರುತು ಪರಿಚಯ ಇಲ್ಲದವರ ಸಾವಿಗೆ ನಮ್ಮವಳು ಹೀಗೆ ಕೂತರೆ ಜನ ಏನಂದುಕೊಂಡಾರು ಎಂಬ ನಾಚಿಕೆ ನನಗೆ.

"ಈ ಚಾನೆಲ್‌ನಲ್ಲಿ ನಿಮಗೇನು ಇಷ್ಟ?" ಎಂದು ಮುದುಕ ಕೇಳಿದ. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಸತ್ತೋರ್ನ ತೋರಿಸ್ತಾರಲ್ಲಪ್ಪ, ಅದು," ಎಂದಳು ಅಮ್ಮ. "ಅವರ ಮನೆಯೋರಿಗೆ ತಡ್ಕೊಳ್ಳೋ ಶಕ್ತಿ ಕೊಡು ಅಂತ ಅಲ್ಲಾನ್ನ ಕೇಳ್ತೀನಿ. ನಂಗೆ ಈ ಊರಲ್ಲಿ ಗುರ್ತಿರೋ ಮಂದಿ ಅಂದ್ರೆ ಅವರೇ ಅಲ್ವಾ?"

ಅಯ್ಯೋ, ನನ್ನ ಕಿವಿ ಬಿಸಿಯಾಯಿತು. ಊರೆಲ್ಲ ನೋಡುವ ಕಾರ್ಯಕ್ರಮ. ನಾಳೆ ನಾನು ಆಫೀಸಿನಲ್ಲಿ ಮುಖ ತೋರಿಸಬೇಕು. "ಅಮ್ಮನಿಗೆ ಸಂಗೀತ ಇಷ್ಟವಂತೆ. ಎಲ್ಲಾ ಗ್ರ್ಯಾಂಡ್ ಅಂತಾರೆ," ಎಂದುಬಿಟ್ಟೆ.

"ನೋ, ಡ್ಯಾಡ್!" ಸೋಫಾದ ಹಿಂದಿನಿಂದ ಮಗಳು ಕೂಗಿದಳು. ಕನ್ನಡದಲ್ಲಿ ಮಾತಾಡದಿದ್ದರೂ ಅಜ್ಜಿಯ ಒಂದು ಮಾತೂ ಅವಳಿಗೆ ತಪ್ಪುವುದಿಲ್ಲ. ಇಲ್ಲೇ ಹುಟ್ಟಿದ ಹುಡುಗಿ, ತನ್ನ ಲಿಮೆರಿಕ್ ಇಂಗ್ಲಿಷಿನಲ್ಲಿ ಅಜ್ಜಿ ಹೇಳಿದ್ದಷ್ಟನ್ನೂ ಪಟಪಟ ಒಪ್ಪಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮುದುಕ ಕ್ಯಾಮೆರಾದಿಂದ ಕಣ್ಣು ತೆಗೆದ.

"ಹೋದ ತಿಂಗಳು ನನ್ನ ಹೆಂಡತಿಯ ಫೋಟೋ ಬಂದಿತ್ತು. ನಾನೇ ಹಾಕಿದ್ದು," ಎಂದ. "ನೀಲಿ ಟೋಪಿ ಹಾಕಿಕೊಂಡಿದ್ದಳು."

ಈ ಸಲ ನಾನು ಒಂದಕ್ಷರ ಬಿಡದೆ ಅಮ್ಮನಿಗೆ ಹೇಳಿದೆ. ಮುದುಕನ ಮುಖ ನೋಡುವ ಧೈರ್ಯ ಬರಲಿಲ್ಲ.

"ಹೌದೌದು, ನಗ್ತಾ ಇದ್ದಳಲ್ಲ! ಇವರ ಹೆಂಡ್ತಿನಾ ಅವಳು?" ಅಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಊಟ ಮಾಡ್ಕೊಂಡೇ ಹೋಗೋಕೆ ಹೇಳು. ಮನೇಲಿ ಯಾರು ಮಾಡಿ ಹಾಕ್ತಾರೆ, ಪಾಪ."

ಹೇಳಲು ನಾನು ಬಾಯಿ ತೆರೆದೆ. ಮುದುಕ ನನ್ನನ್ನು ಕೇಳಲಿಲ್ಲ. ಸೋಫಾದ ಕಡೆ ತಿರುಗಿ ನನ್ನ ಮಗಳನ್ನು ಕೇಳಿದ, "ಅಜ್ಜಿ ಏನಂದರಮ್ಮ?"